ಸೀಲ್ ಒಡೆಯಬೇಕೆ, ಹೊರಗಿನಿಂದಲೇ ನೋಡಬೇಕೆ? ನಾಣ್ಯದ ಸೆಟ್ಟಿನಲ್ಲಿ ಎರರ್ ಹುಡುಕುವವರಿಗೆ

ದುರ್ಗದಿಂದ ನಮ್ಮ ಸೋದರಮಾವ ಫೋನ್ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ. ನಿವೃತ್ತಿಯಾದ ಮೇಲೆ ನಾಣ್ಯದ ಹುಚ್ಚು, ಅದರಲ್ಲೂ ಎರರ್‌ನ (ಟಂಕಸಾಲೆಯಲ್ಲೇ ತಪ್ಪಾಗಿ ತಯಾರಾದ ನಾಣ್ಯದ) ಹುಚ್ಚು ಹಿಡಿಸಿಕೊಂಡವರು. "ಏ, ನೂರು ರೂಪಾಯಿ ಬೆಳ್ಳಿ ನಾಣ್ಯದಾಗೆ ಇಸವಿ ಎರಡೆರಡು ಸಲ ಬಿದ್ದಂಗೆ ಕಾಣ್ತೈತೋ. ಎರರ್ರೇ ಇರಬೇಕು. ಡಬ್ಬಿ ಒಡೆದು ನೋಡಿಬಿಡ್ಲೇನು?" ಅಂದರು. "ಮಾವ, ಬ್ಲೇಡ್ ಕೆಳಗಿಡ್ರಿ. ಮಧ್ಯಾಹ್ನದೊಳಗೆ ಬರ್ತೀನಿ" ಅಂದೆ. ದಾವಣಗೆರೆಯಿಂದ ದುರ್ಗಕ್ಕೆ ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್ ಆಸುಪಾಸು. ಚೀಲಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ), ಸಣ್ಣ ಟಾರ್ಚ್, ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ, ಒಂದು ಮೆತ್ತನೆ ಬಟ್ಟೆ, ನಾಣ್ಯ ಇಡುವ ಎರಡು ಖಾಲಿ ಪ್ಲಾಸ್ಟಿಕ್ ಕ್ಯಾಪ್ಸೂಲ್ ಹಾಕಿಕೊಂಡು ಬಸ್ ಹತ್ತಿದೆ.

ಮಾವನ ಮೇಜಿನ ಮೇಲೆ ನಾಲ್ಕು ಸಾಮಾನು ಇದ್ದವು. ಮುಂಬೈ ಟಂಕಸಾಲೆಯ ಪ್ರೂಫ್ (ಕನ್ನಡಿಯಂತೆ ಹೊಳೆಯುವ ವಿಶೇಷ ನಾಣ್ಯದ) ಡಬ್ಬಿ, ಫೋನಿನಲ್ಲಿ ಹೇಳಿದ ನೂರು ರೂಪಾಯಿ ಇದರಲ್ಲೇ; ಮಗ ಅಮೆರಿಕದಿಂದ ತಂದ ಮಿಂಟ್ ಸೆಟ್ (ಅಲ್ಲಿನ ಟಂಕಸಾಲೆಯೇ ಸೀಲ್ ಮಾಡಿ ಮಾರುವ ನಾಣ್ಯಗಳ ಸೆಟ್), ರಟ್ಟಿನ ಹೋಲ್ಡರಿನಲ್ಲಿ ಪಿನ್ ಹೊಡೆದಿಟ್ಟ ಐದು ರೂಪಾಯಿ, ಪರೀಕ್ಷಿಸಿದ ಕಂಪನಿ ಮುಚ್ಚಿಕೊಟ್ಟ ಗಟ್ಟಿ ಪ್ಲಾಸ್ಟಿಕ್ಕಿನ ಚಪ್ಪಟೆ ಡಬ್ಬಿ, ಅಂದರೆ ಸ್ಲ್ಯಾಬಿನಲ್ಲಿದ್ದ ಒಂದು ಹಳೆಯ ಬೆಳ್ಳಿ ರೂಪಾಯಿ. ನಾಲ್ಕರಲ್ಲೂ ಅವರಿಗೆ ಒಂದೊಂದು ಅನುಮಾನ. ನಾಲ್ಕಕ್ಕೂ ಉತ್ತರ ಬೇರೆ ಬೇರೆ ಬಂತು. ಆದ್ದರಿಂದ ಅವನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಸೀಲು ಮುಚ್ಚಿಡುವುದು ಏನನ್ನು?

ಒಡೆಯುವ ಮೊದಲು ಈ ಒಂದು ಪ್ರಶ್ನೆ ಕೇಳಿಕೊಳ್ಳಿ: ನನಗಿರುವ ಅನುಮಾನ ಹೊರಗಿನಿಂದ ಬಗೆಹರಿಯುವಂಥದ್ದೋ, ಅಲ್ಲವೋ? ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗಿರುವ ನಾಣ್ಯದ ಎರಡೂ ಮುಖ ನಮಗೆ ಕಾಣುತ್ತವೆ. ಹತ್ತು ಪಟ್ಟಿನ ಲೂಪನ್ನು ವಸ್ತುವಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಚಿತ್ರ ಸ್ಪಷ್ಟವಾಗುತ್ತದೆ, ನಡುವೆ ಇರುವ ಪ್ಲಾಸ್ಟಿಕ್ಕಿನ ದಪ್ಪ ಅದಕ್ಕೆ ಅಡ್ಡಿಯಲ್ಲ. ಚಿತ್ರ ಒಂದು ಕಡೆಗೆ ಸರಿದು ಬಿದ್ದಿರುವುದು, ಅಚ್ಚು ಸೀಳಿ ಗೆರೆ ಎದ್ದಿರುವುದು, ಅಚ್ಚಿನ ತುಂಡೇ ಹಾರಿಹೋಗಿ ಅಲ್ಲಿ ಲೋಹ ಉಬ್ಬಿರುವುದು, ಬಿಲ್ಲೆಯ (ಅಚ್ಚು ಬೀಳುವ ಮೊದಲಿನ ಲೋಹದ ತುಂಡಿನ) ಅಂಚು ಕಚ್ಚಿ ತೆಗೆದಂತಿರುವುದು, ಒಂದು ಮುಖದ ಚಿತ್ರ ಇನ್ನೊಂದು ಮುಖದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಗ್ಗಾಗಿ ಮೂಡುವ ನಮ್ಮ ಸಂಗ್ರಾಹಕರ 'ಲಖಿ' ನಾಣ್ಯ, ಇವೆಲ್ಲ ಸೀಲಿನ ಹೊರಗಿನಿಂದಲೇ ಕಾಣುತ್ತವೆ. ಎರಡೂ ಕಡೆ ಪಾರದರ್ಶಕವಾಗಿದ್ದರೆ ಒಂದು ಮುಖದ ಅಚ್ಚು ಇನ್ನೊಂದು ಮುಖಕ್ಕೆ ಹೋಲಿಸಿದರೆ ತಿರುಗಿ ಬಿದ್ದಿರುವುದೂ ಕಾಣುತ್ತದೆ. ಟಂಕಸಾಲೆಯ ಗುರುತಿಗಂತೂ ಒಡೆಯುವ ಮಾತೇ ಇಲ್ಲ. ಇಸವಿಯ ಕೆಳಗೆ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಹಳೆಯ ಬಾಂಬೆ ಪ್ರೂಫ್‌ಗಳ ಮೇಲೆ 'ಬಿ', ಆಮೇಲಿನ ಮುಂಬೈ ಪ್ರೂಫ್‌ಗಳ ಮೇಲೆ 'ಎಂ' ಅಕ್ಷರ ಇರುತ್ತದೆ.

ತಾಮ್ರ-ನಿಕಲ್ಲೋ ಉಕ್ಕೋ ಎಂಬ ಅನುಮಾನವಿದ್ದರೆ ಅಯಸ್ಕಾಂತ ಸಾಕು. ತಾಮ್ರ-ನಿಕಲ್ ಮಿಶ್ರಣದ ನಾಣ್ಯ ಅದಕ್ಕೆ ಅಂಟುವುದಿಲ್ಲ, ನಮ್ಮ ಉಕ್ಕಿನ ನಾಣ್ಯಗಳು ಅಂಟುತ್ತವೆ. ಪ್ಲಾಸ್ಟಿಕ್ಕಿನ ಮೇಲಿನಿಂದಲೇ ಗೊತ್ತಾಗುತ್ತದೆ.

ಸೀಲು ನಿಜಕ್ಕೂ ಮುಚ್ಚಿಡುವುದು ಎರಡೇ ಸಂಗತಿ: ನಾಣ್ಯದ ಅಂಚು ಮತ್ತು ನಾಣ್ಯದ ತೂಕ. ಸೀಲ್ ಆದ ಸೆಟ್ಟನ್ನೇ ತಕ್ಕಡಿಗೆ ಹಾಕಿ ಇನ್ನೊಂದು ಸೆಟ್ಟಿನ ಜೊತೆ ಹೋಲಿಸುತ್ತೇನೆ ಅನ್ನುವವರಿದ್ದಾರೆ. ಡಬ್ಬಿ, ರಟ್ಟು, ಅಂಟಿನ ತೂಕವೇ ಒಂದರಿಂದ ಒಂದಕ್ಕೆ ಬದಲಾಗುವಾಗ ಅದರಿಂದ ಏನೂ ತಿಳಿಯದು. ನಿಮ್ಮ ಅನುಮಾನ ಅಂಚು, ತೂಕ ಎರಡಕ್ಕೂ ಸಂಬಂಧಿಸಿಲ್ಲವಾದರೆ ಒಡೆಯಬೇಡಿ. ಇಷ್ಟು ವರ್ಷದಲ್ಲಿ ನನಗೆ ಮನದಟ್ಟಾಗಿರುವುದು ಇದೇ.

ಪ್ಲಾಸ್ಟಿಕ್ಕಿನ ಮೇಲಿನ ಗೀರೋ, ನಾಣ್ಯದ ಮೇಲಿನದೋ

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಬಹಳ ಹಿಂದೆ ದಾವಣಗೆರೆಯ ನಮ್ಮ ಮನೆಯಲ್ಲಿ ಒಂದು ಯುಎನ್‌ಸಿ (ಚಲಾವಣೆಗೆ ಹೋಗದ ನಾಣ್ಯಗಳ) ಸೆಟ್ಟಿನ ಐದು ರೂಪಾಯಿಯ ಮೇಲೆ ಅಂಕಿಯ ಪಕ್ಕ ಇನ್ನೊಂದು ಅಂಕಿಯ ನೆರಳು ಕಂಡಿತು. ರಾತ್ರಿಯೇ ಬ್ಲೇಡ್ ತೆಗೆದುಕೊಂಡು ರಟ್ಟಿಗೆ ಅಂಟಿಸಿದ ಪ್ಲಾಸ್ಟಿಕ್ ಗುಳ್ಳೆಯನ್ನು ಸೀಳಿದೆ. ಬ್ಲೇಡ್ ಜಾರಿ ಸಿಂಹಲಾಂಛನದ ಮೇಲೆ ಉದ್ದಕ್ಕೆ ಗೆರೆ ಎಳೆದುಬಿಟ್ಟಿತು. ನಾಣ್ಯ ಹೊರಗೆ ಬಂದ ಮೇಲೆ ನೋಡಿದರೆ ನೆರಳು ಪ್ಲಾಸ್ಟಿಕ್ಕಿನಲ್ಲೇ ಉಳಿದಿತ್ತು. ಆ ಸೆಟ್ ಈಗಲೂ ನನ್ನ ಬಳಿ ಇದೆ. ಯಾರಿಗೂ ಮಾರಲಿಲ್ಲ, ಮಾರುವುದೂ ಇಲ್ಲ.

ಒಡೆಯುವ ಮುಂಚೆ ಮಾಡಬೇಕಾಗಿದ್ದದ್ದು ಅರ್ಧ ನಿಮಿಷದ ಕೆಲಸ. ಸೆಟ್ಟನ್ನು ಕಣ್ಣಿನ ಮುಂದೆ ಹಿಡಿದು ನಿಧಾನವಾಗಿ ಅತ್ತಿತ್ತ ವಾಲಿಸಿ. ಗುರುತು ನಾಣ್ಯದ ಚಿತ್ರದ ಮೇಲೆ ಜಾಗ ಬದಲಿಸುತ್ತಾ ಹೋದರೆ ಅದು ಪ್ಲಾಸ್ಟಿಕ್ಕಿನ ಮೇಲಿದೆ. ನಾಣ್ಯಕ್ಕೆ ಕಚ್ಚಿಕೊಂಡಂತೆ ಅಲ್ಲೇ ನಿಂತರೆ ಅದು ನಾಣ್ಯದ್ದು. ಕೋಣೆಯ ದೀಪ ಆರಿಸಿ ಟಾರ್ಚನ್ನು ಮಗ್ಗುಲಿಂದ, ಬಹಳ ತಗ್ಗಿನಲ್ಲಿ ಬಿಡಿ. ಉಬ್ಬಿದ್ದಕ್ಕೆ ಒಂದು ಕಡೆ ನೆರಳು, ತಗ್ಗಿದ್ದಕ್ಕೆ ಇನ್ನೊಂದು ಕಡೆ ನೆರಳು. ಟಾರ್ಚನ್ನು ಸುತ್ತ ತಿರುಗಿಸಿದಂತೆ ನೆರಳೂ ತಿರುಗಬೇಕು.

ಮಾವನ ಪ್ರೂಫ್ ನಾಣ್ಯಕ್ಕೆ ಇದನ್ನೇ ಮಾಡಿದೆ. ಎರಡೆರಡು ಬಿದ್ದಂತಿದ್ದ ಇಸವಿ ಅಲುಗಲಿಲ್ಲ, ನಾಣ್ಯದ ಮೇಲೇ ಇತ್ತು. ಮಾವನ ಮುಖ ಅರಳಿತು. ಆದರೆ ಲೂಪಿನಲ್ಲಿ ನೋಡಿದಾಗ ಅಂಕಿಯ ಪಕ್ಕದ ಎರಡನೇ ಗೆರೆ ಚಪ್ಪಟೆಯಾಗಿತ್ತು, ಮೆಟ್ಟಿಲಿನ ಹಾಗೆ. ಅಂಕಿಯೂ ತೆಳುವಾಗಿತ್ತು. ಅಚ್ಚು ಏಟು ಹಾಕಿ ಮೇಲೇಳುವಾಗ ತುಸು ಅಲುಗಿ ಲೋಹವನ್ನು ಒರೆಸಿಕೊಂಡು ಹೋದರೆ ಹೀಗಾಗುತ್ತದೆ. ಇದು ಒಂದೊಂದು ನಾಣ್ಯದಲ್ಲಿ ಒಂದೊಂದು ಥರ ಬೀಳುವ ಯಂತ್ರದ ಅಲುಗಾಟ, ಇದಕ್ಕೆ ಬೆಲೆ ಇಲ್ಲ. ನಿಜವಾದ ಡಬಲ್ ಡೈ ಬೇರೆ. ಅಲ್ಲಿ ಅಚ್ಚಿನ ಮೇಲೇ ಚಿತ್ರ ಎರಡು ಸಲ ಕೂತಿರುತ್ತದೆ. ಎರಡೂ ಗೆರೆಗಳು ದುಂಡಗೆ, ತುಂಬಿಕೊಂಡು ಎದ್ದಿರುತ್ತವೆ, ಅಕ್ಷರದ ತುದಿ ಇಬ್ಭಾಗವಾಗಿ ಸೀಳಿರುತ್ತದೆ, ಆ ಅಚ್ಚಿನಿಂದ ಬಿದ್ದ ಪ್ರತಿ ನಾಣ್ಯದಲ್ಲೂ ಅದೇ ಜಾಗದಲ್ಲಿ ಹಾಗೇ ಇರುತ್ತದೆ. "ಅಂದ್ರೆ ಒಡೆಯೋದು ಬ್ಯಾಡಾ?" ಅಂದರು ಮಾವ. "ಬ್ಯಾಡ್ರಿ ಮಾವ. ಗೊತ್ತಾಗಬೇಕಾದ್ದೆಲ್ಲ ಗೊತ್ತಾತಲ್ಲ" ಅಂದೆ. ಆ ಡಬ್ಬಿ ಹಾಗೆಯೇ ಬೀರುವಿಗೆ ಹೋಯಿತು.

ಪ್ರೂಫ್ ನಾಣ್ಯದ ಬಗ್ಗೆ ಇನ್ನೊಂದು ಮಾತು. ಹೊಳಪು ಕೊಟ್ಟ ಬಿಲ್ಲೆಯ ಮೇಲೆ ಹೊಳಪು ಕೊಟ್ಟ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಏಟು ಹಾಕಿ ಇವನ್ನು ಮಾಡುತ್ತಾರೆ. ಬಯಲು ಕನ್ನಡಿಯಂತೆ, ಚಿತ್ರ ಮಂಜಿನಂತೆ. ಆ ಕನ್ನಡಿಯ ಮೇಲೆ ಮೆತ್ತನೆ ಬಟ್ಟೆ ಎಳೆದರೂ ಕೂದಲೆಳೆಯಂಥ ಗೀರು ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಎರಡನೆಯದಾಗಿ, ನಮ್ಮಲ್ಲಿ ಸೆಟ್ಟಿಗೆ ಬೆಲೆ ಕಟ್ಟುವವರು ಮೊದಲು ಕೇಳುವುದೇ ಒರಿಜಿನಲ್ ಪ್ಯಾಕಿಂಗ್ ಇದೆಯಾ ಎಂದು. ಬೇರೆ ಯಾವುದನ್ನಾದರೂ ಒಡೆದು ನೋಡುವ ಧೈರ್ಯ ಮಾಡಬಹುದು. ಪ್ರೂಫ್ ಡಬ್ಬಿಯ ವಿಷಯದಲ್ಲಿ ನನ್ನ ಸಲಹೆ ಬಹುಪಾಲು ಬೇಡ ಎಂದೇ.

ಒಳಗಿನ ನಾಣ್ಯ ಒತ್ತಿ ಮುಚ್ಚುವ ಕ್ಯಾಪ್ಸೂಲಿನಲ್ಲಿದ್ದರೆ ಮಾತ್ರ ವಿನಾಯಿತಿ. ಅದನ್ನು ಮುರಿಯಬೇಕಿಲ್ಲ, ತೆಗೆದು ಹಾಗೇ ಮುಚ್ಚಬಹುದು. ಮೇಜಿನ ಮೇಲೆ ಬಟ್ಟೆ ಹಾಸಿ, ಕೈ ಅದಕ್ಕೆ ತಾಗುವಷ್ಟು ತಗ್ಗಿನಲ್ಲಿಟ್ಟುಕೊಂಡು, ಸಂದಿಯ ಸುತ್ತ ಉಗುರಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಬನ್ನಿ. ಬಿಗಿಯಾಗಿದ್ದರೆ ಎದುರುಬದುರು ಅಂಚುಗಳನ್ನು ಮೆಲ್ಲಗೆ ಒತ್ತಿದರೆ ಒಳಗಿನ ಹಿಡಿತ ಸಡಿಲವಾಗುತ್ತದೆ. ಚಾಕು, ಸ್ಕ್ರೂಡ್ರೈವರ್ ಹತ್ತಿರ ತರಬೇಡಿ.

ಅಮೆರಿಕದ ಮೆದು ಹಾಳೆಯ ಸೆಟ್

ಮಗ ತಂದುಕೊಟ್ಟ ಮಿಂಟ್ ಸೆಟ್ ಮೆತ್ತಗಿನ ಪಾರದರ್ಶಕ ಹಾಳೆಯಲ್ಲಿತ್ತು. ಪ್ರತಿ ನಾಣ್ಯಕ್ಕೂ ಒಂದೊಂದು ಪುಟ್ಟ ಜೇಬು, ಸುತ್ತ ಬಿಸಿ ಮಾಡಿ ಅಂಟಿಸಿದ್ದು. ಫಿಲಡೆಲ್ಫಿಯಾದ್ದಕ್ಕೆ ನೀಲಿ ಪಟ್ಟಿ, ಡೆನ್ವರಿನದಕ್ಕೆ ಕೆಂಪು ಪಟ್ಟಿ. ಅದರಲ್ಲಿನ ಒಂದು ಕಾಲು ಡಾಲರಿನ ಒಂದು ಮುಖ ತಾಮ್ರದ ಬಣ್ಣಕ್ಕಿತ್ತು. 1965ರಿಂದ ಈಚೆಗಿನ ಸಾಮಾನ್ಯ ಕಾಲು ಡಾಲರ್ ನಡುವೆ ತಾಮ್ರ, ಎರಡೂ ಹೊರಮೈಗೆ ತಾಮ್ರ-ನಿಕಲ್ ಪದರ ಕೂಡಿಸಿದ ನಾಣ್ಯ. ಒಂದು ಪದರ ಕಳಚಿದ ಬಿಲ್ಲೆಯ ಮೇಲೆ ಅಚ್ಚು ಬಿದ್ದಿದ್ದರೆ ಆ ಮುಖ ಹೀಗೇ ಕೆಂಪಗೆ ಕಾಣುತ್ತದೆ, ಅದು ಒಳ್ಳೆಯ ಎರರ್. ಬರಿಯ ಗಾಳಿ-ತೇವಕ್ಕೆ ಬಣ್ಣ ತಿರುಗಿದ್ದರೂ ಹೀಗೇ ಕಾಣಬಹುದು. ಇವೆರಡನ್ನೂ ಬೇರ್ಪಡಿಸುವುದು ತೂಕ. ಸರಿಯಾದ ಕಾಲು ಡಾಲರ್ 5.67 ಗ್ರಾಂ. ಒಂದು ಪದರ ಇಲ್ಲದಿದ್ದರೆ ಸುಮಾರು ಒಂದು ಗ್ರಾಮಿನಷ್ಟು ಇಳಿಯುತ್ತದೆ. ಅಷ್ಟು ವ್ಯತ್ಯಾಸವನ್ನು ನನ್ನ ತಕ್ಕಡಿ ಚೆನ್ನಾಗಿಯೇ ಹಿಡಿಯುತ್ತದೆ.

ಇಲ್ಲಿ ಒಡೆಯೋಣ ಅಂದೆ. ಅಂಥ ಸೆಟ್ ಅಪರೂಪದ್ದಲ್ಲ, ಹೋದರೆ ಹೋಗುವುದು ಸ್ವಲ್ಪ ದುಡ್ಡು. ಅನುಮಾನ ತೂಕದ್ದು, ಬೇರೆ ದಾರಿ ಇಲ್ಲ. ಮೇಲಾಗಿ ಒಂದೇ ಜೇಬನ್ನು ಕತ್ತರಿಸಿ ಉಳಿದವನ್ನು ಹಾಗೇ ಬಿಡಬಹುದು. ಫ್ಯಾನ್ ಆರಿಸಿ, ಕೈ ಸೋಪಿನಲ್ಲಿ ತೊಳೆದು ಒಣಗಿಸಿಕೊಂಡೆ. ನಾಣ್ಯವನ್ನು ಜೇಬಿನ ಒಂದು ಮೂಲೆಗೆ ಸರಿಸಿ ಎದುರು ಮೂಲೆಯನ್ನು ಮೊಂಡು ತುದಿಯ ಕತ್ತರಿಯಿಂದ ಕತ್ತರಿಸಿದೆ. ಕತ್ತರಿಯ ಬಾಯಿ ನಾಣ್ಯದ ಕಡೆಗೆ ಮುಖ ಮಾಡಲೇ ಇಲ್ಲ. ಆಮೇಲೆ ಹಾಳೆಯನ್ನು ಬಟ್ಟೆಯ ಮೇಲೆ ಬಾಗಿಸಿದರೆ ನಾಣ್ಯ ತಾನಾಗಿ ಜಾರಿ ಬಂತು. ಅಂಚಿನಲ್ಲಿ ಮಾತ್ರ ಹಿಡಿದು ತಕ್ಕಡಿಗಿಟ್ಟೆ. 5.66. ಅಂಚು ನೋಡಿದರೆ ತಾಮ್ರದ ಗೆರೆಯ ಎರಡೂ ಬದಿಗೆ ಬಿಳಿ ಪದರ ಇತ್ತು. ಬಣ್ಣ ತಿರುಗಿದ್ದಷ್ಟೇ. ಮಾವನಿಗೆ ಸ್ವಲ್ಪ ಬೇಸರವಾಯಿತು, ಆದರೆ ಈ ಸಲ ಒಡೆದದ್ದು ತಪ್ಪಲ್ಲ.

ಅಮೆರಿಕದ ಪ್ರೂಫ್ ಸೆಟ್ ಯಾರ ಬಳಿಯಾದರೂ ಇದ್ದರೆ ಒಂದು ಮಾತು. ಅಲ್ಲಿ ಹೆಸರು ಮಾಡಿದ ಎರರ್‌ಗಳು ಸ್ಯಾನ್ ಫ್ರಾನ್ಸಿಸ್ಕೊದ 'ಎಸ್' ಗುರುತೇ ಬೀಳದ ಪ್ರೂಫ್‌ಗಳು: 1968, 1970, 1983ರ ಡೈಮ್ (ಹತ್ತು ಸೆಂಟ್), 1971ರ ನಿಕಲ್ (ಐದು ಸೆಂಟ್), 1990ರ ಒಂದು ಸೆಂಟ್. ಇವೆಲ್ಲ ಗಟ್ಟಿ ಪ್ಲಾಸ್ಟಿಕ್ಕಿನ ಹೊರಗಿನಿಂದಲೇ ಕಾಣುವಂಥವು. ಗುರುತು ಇಲ್ಲದ್ದು ಸಿಕ್ಕರೆ ಸೀಲ್ ಮುಟ್ಟಬೇಡಿ. ಅದು ಟಂಕಸಾಲೆಯಿಂದ ಹಾಗೇ ಬಂತು, ಆಮೇಲೆ ಯಾರೂ ಉಜ್ಜಿ ತೆಗೆದಿಲ್ಲ ಎನ್ನುವುದಕ್ಕೆ ಆ ಸೀಲೇ ಸಾಕ್ಷಿ.

ಪಿನ್ ಹೊಡೆದ ರಟ್ಟು, ಒಡೆಯಬಾರದ ಸ್ಲ್ಯಾಬು

ಪಿನ್ ಹೊಡೆದ ರಟ್ಟಿನ ಹೋಲ್ಡರ್ ಯಾವ ಟಂಕಸಾಲೆಯದೂ ಅಲ್ಲ, ಯಾರೋ ಅಂಗಡಿಯವರೋ ಸಂಗ್ರಾಹಕರೋ ಹಾಕಿದ್ದು. ಧಾರಾಳವಾಗಿ ತೆಗೆಯಿರಿ. ಆದರೆ ರಟ್ಟನ್ನು ಹರಿದು ಎಳೆಯಬೇಡಿ, ಪಿನ್ನಿನ ತುದಿ ಮುಖದ ಮೇಲೆ ಗೀಚುತ್ತದೆ. ಮೊದಲು ಸಣ್ಣ ಇಕ್ಕಳದಿಂದ ಎಲ್ಲ ಪಿನ್ ತೆಗೆದು, ಎಣಿಸಿ ಪಕ್ಕಕ್ಕಿಟ್ಟು, ಆಮೇಲೆ ರಟ್ಟು ಬಿಡಿಸಬೇಕು.

ಮಾವನ ಆ ಐದು ರೂಪಾಯಿ 9 ಗ್ರಾಂ ತೂಗುವ ಹಳೆಯ ತಾಮ್ರ-ನಿಕಲ್ ನಾಣ್ಯ, 23 ಮಿಲಿಮೀಟರ್ ಅಗಲ. ಅಂಚಿನ ನಡುವೆ ಸುತ್ತಲೂ ಇರಬೇಕಾದ ಭದ್ರತಾ ತೋಡು ಇಲ್ಲ ಎಂದು ಮಾರಿದವರು ಎರರ್ ಹೆಸರಿನಲ್ಲಿ ಜಾಸ್ತಿ ದುಡ್ಡು ತೆಗೆದುಕೊಂಡಿದ್ದರು. ಹೊರತೆಗೆದು ನೋಡಿದರೆ ಹೌದು, ತೋಡು ಇಲ್ಲ, ಬರಿಯ ಅಡ್ಡಗೆರೆಗಳ ಅಂಚು. ಆದರೆ ಈ ನಾಣ್ಯದಲ್ಲಿ ಭದ್ರತಾ ಅಂಚಿನವೂ ಇವೆ, ಗೆರೆ ಅಂಚಿನವೂ ಇವೆ. ಇದು ಬಗೆ, ದೋಷ ಅಲ್ಲ. ಅಂಚಿನ ವಿಷಯ ಬಂದಾಗ ಮೊದಲು ಕ್ಯಾಟಲಾಗ್ ನೋಡಬೇಕು, ಕತ್ತರಿ ಆಮೇಲೆ. ಹಳೆಯ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ ಎಂದು ಆನ್‌ಲೈನ್ ಜಾಹೀರಾತು ಹಾಕಿ, ಕಮಿಷನ್ನು, ತೆರಿಗೆ ಅಂತ ದುಡ್ಡು ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಅಂಥ ವಿಡಿಯೊ ನೋಡಿ ಆಸೆಗೆ ಬಿದ್ದು ಸೀಲ್ ಒಡೆದವರನ್ನು ನಾನು ನಮ್ಮೂರಲ್ಲೇ ಕಂಡಿದ್ದೇನೆ. ನೋಡಿದಾಗ ಸಂಕಟವಾಗುತ್ತದೆ.

ಸ್ಲ್ಯಾಬಿನ ವಿಚಾರ ಬೇಗ ಮುಗಿಯುತ್ತದೆ. ಅಮೆರಿಕದಲ್ಲಿ ನಾಣ್ಯಕ್ಕೆ ದರ್ಜೆ ಕೊಡುವ ಕಂಪನಿಗಳಾದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದ ಮೇಲೆ ನಾಣ್ಯವನ್ನು ಪರೀಕ್ಷಿಸಿ, ದರ್ಜೆ ಬರೆದು, ಅಂಟಿಸಿ ಮುಚ್ಚಿಕೊಡುವ ಪದ್ಧತಿ ಬಂತು. ಮುಚ್ಚಳ ಒಡೆದ ಕೂಡಲೇ ಆ ದರ್ಜೆಗೆ ಬೆಲೆ ಇಲ್ಲ, ಚೂರಾಗುವ ಪ್ಲಾಸ್ಟಿಕ್ ಕಣ್ಣಿಗೂ ಅಪಾಯ, ನಾಣ್ಯಕ್ಕೂ ಅಪಾಯ. ದರ್ಜೆ ಕೊಟ್ಟವರ ಗಮನಕ್ಕೆ ಬಾರದ ಎರರ್ ಇದೆ ಅನಿಸಿದರೆ ಸ್ಲ್ಯಾಬ್ ಸಮೇತವೇ ಮತ್ತೆ ಕಳಿಸಿ ಗುರುತಿಸಿಕೊಡಿ ಎಂದು ಕೇಳಬಹುದು. ಅಂಚೂ ಕಾಣುವಂತೆ ಮಾಡಿದ ಹೋಲ್ಡರ್‌ಗಳೂ ಬಂದಿವೆ, ಮಾವನದು ಅಂಥದ್ದೇ. ಅದನ್ನು ನಾನು ಕೈಯಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟೆ.

ಅಷ್ಟರಲ್ಲಿ ಅತ್ತೆ ಮಂಡಕ್ಕಿ ಕಲಸಿ ತಂದರು. ಮಾವ ಒಂದು ಕೈಯಲ್ಲಿ ಮಂಡಕ್ಕಿ, ಇನ್ನೊಂದು ಕೈಯಲ್ಲಿ ನಾಣ್ಯ ಹಿಡಿಯಲು ಹೋದಾಗ ತಡೆದೆ. ಬೆರಳಿನ ಎಣ್ಣೆ, ಉಪ್ಪು ಲೋಹಕ್ಕೆ ತಾಗಿದರೆ ಅವತ್ತು ಕಾಣುವುದಿಲ್ಲ, ವರ್ಷದ ಮೇಲೆ ಬೆರಳಚ್ಚು ಕಂದು ಬಣ್ಣದಲ್ಲಿ ಮೂಡುತ್ತದೆ. ನಾಣ್ಯದ ಮೇಲೆ ಬಗ್ಗಿ ಮಾತಾಡುವುದೂ ಬೇಡ, ಎಂಜಲಿನ ಸಣ್ಣ ಹನಿಯೂ ಚುಕ್ಕೆಯಾಗುತ್ತದೆ.

ಮಾತು ಚಂದ್ರವಳ್ಳಿಯ ಕಡೆ ತಿರುಗಿತು. ಮಾವನ ಮನೆಯಿಂದ ಬಲು ದೂರವಿಲ್ಲ. ಅಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳು ಸಿಕ್ಕಿವೆ, ರೋಮಿನ ಅಗಸ್ಟಸ್, ಟೈಬೀರಿಯಸ್ಸರ ಬೆಳ್ಳಿ ದಿನಾರಿಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದ್ದರು. ಎರಡು ಸಾವಿರ ವರ್ಷ ಮಣ್ಣಲ್ಲಿದ್ದ ಆ ನಾಣ್ಯಗಳ ಅಂಚು, ತೂಕ ಎಲ್ಲವನ್ನೂ ಅಳೆದು ಬರೆದಿಡಬಹುದು. ನಿನ್ನೆ ಮೊನ್ನೆ ಬಿದ್ದ ನಮ್ಮ ಸೆಟ್ಟಿನ ನಾಣ್ಯದ ತೂಕ ಗೊತ್ತಿಲ್ಲ ಎಂದು ಮಾವನಿಗೆ ಚಡಪಡಿಕೆ. ಅದು ನನಗೂ ಇದೆ. ಒಡೆಯುವ ಆಸೆ ಹುಟ್ಟುವುದು ದುಡ್ಡಿನಿಂದ ಮಾತ್ರ ಅಲ್ಲ ಅನ್ನುವುದನ್ನು ನಾನು ಒಪ್ಪುತ್ತೇನೆ.

ಒಡೆಯದಿದ್ದರೇ ಹಾಳಾಗುವ ಸಂದರ್ಭ

ಎರರ್ ಇರಲಿ, ಬಿಡಲಿ, ಒಡೆಯಲೇಬೇಕಾದ ಒಂದು ಸಂದರ್ಭ ಇದೆ. ಮೆತ್ತಗೆ ಬಾಗುವ, ಒಂದು ಥರ ರೇನ್‌ಕೋಟಿನ ವಾಸನೆ ಬರುವ ಪಿವಿಸಿ ಹಾಳೆಯಲ್ಲಿ ನಾಣ್ಯವಿದ್ದು, ಅದರ ಮೇಲೆ ಹಸಿರು ಅಂಟು ಕಾಣಿಸಿಕೊಂಡರೆ ಸೀಲು ಕಾಯುತ್ತಿಲ್ಲ, ಕೊಲ್ಲುತ್ತಿದೆ. ಪ್ಲಾಸ್ಟಿಕ್ಕಿನಿಂದ ಹೊರಬರುವ ಆಮ್ಲ ತಾಮ್ರವನ್ನು ತಿನ್ನುತ್ತಿರುತ್ತದೆ. ಅಂಥದ್ದನ್ನು ಅವತ್ತೇ ತೆಗೆಯಿರಿ. ಅಂಟನ್ನು ಶುದ್ಧ ಅಸಿಟೋನಿನಲ್ಲಿ ಮುಳುಗಿಸಿ ಬಿಡಿಸಬಹುದು. ಗಾಜಿನ ಬಟ್ಟಲಿನಲ್ಲಿ, ಗಾಳಿಯಾಡುವ ಕಡೆ, ಗ್ಯಾಸ್ ಒಲೆಯಿಂದ ದೂರದಲ್ಲಿ ಮಾಡಬೇಕು, ಅದು ಬೇಗ ಬೆಂಕಿ ಹತ್ತಿಕೊಳ್ಳುವ ದ್ರವ. ಉಗುರು ಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಬೇರೆ ಏನೇನೋ ಬೆರೆತಿರುತ್ತದೆ. ಉಜ್ಜಬೇಡಿ, ತಾನಾಗಿ ಆರಲಿ. ಒಳಗೆ ಕಚ್ಚಿಕೊಂಡ ಕಿಲುಬಿಗೆ ಇದು ಮದ್ದಲ್ಲ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ದೇವರ ಸಾಮಾನಿಗೆ ಇರಲಿ. ನಾಣ್ಯಕ್ಕೆ ಅದನ್ನು ಹಚ್ಚಿದ ಮೇಲೆ ಅದು ಎರರ್ ಆಗಿದ್ದರೂ ಕೊಳ್ಳುವವರು ಹಿಂದೆ ಸರಿಯುತ್ತಾರೆ.

ತೆಗೆದ ನಾಣ್ಯ ವಾಪಸ್ ಅದೇ ಹಾಳೆಗೆ ಹೋಗಬಾರದು. ಅಳತೆಗೆ ಸರಿಯಾದ ಗಟ್ಟಿ ಕ್ಯಾಪ್ಸೂಲ್ ಮೊದಲೇ ತಂದಿಟ್ಟುಕೊಂಡೇ ಕತ್ತರಿ ಹಿಡಿಯಬೇಕು. ಬೆಳ್ಳಿಯ ಹತ್ತಿರ ರಬ್ಬರ್ ಬ್ಯಾಂಡ್ ಇಡಬೇಡಿ, ಅದರಲ್ಲಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ನಮ್ಮ ದಾವಣಗೆರೆ, ದುರ್ಗದ ಒಣ ಹವೆ ನಾಣ್ಯಕ್ಕೆ ಒಳ್ಳೆಯದು. ಆದರೂ ಮಳೆ ಹಿಡಿದ ದಿನ ಕ್ಯಾಪ್ಸೂಲ್ ಮುಚ್ಚಿದರೆ ತೇವವೂ ಒಳಗೇ ಉಳಿಯುತ್ತದೆ. ಫೆಬ್ರವರಿ, ಮಾರ್ಚಿನ ಒಣ ದಿನ ನೋಡಿ ಮಾಡಿ, ಧೂಳೆಬ್ಬಿಸುವ ಗಾಳಿ ಇದ್ದರೆ ಕಿಟಕಿ ಹಾಕಿಕೊಳ್ಳಿ.

ಒಡೆಯುವ ಮುಂಚೆ ಸೆಟ್ಟಿನ ಎರಡೂ ಬದಿಯ ಫೋಟೊ ತೆಗೆದಿಡಬೇಕು. ಒಡೆಯುವುದನ್ನು ಮೊಬೈಲಿನಲ್ಲಿ ಒಂದೇ ಓಟದಲ್ಲಿ ವಿಡಿಯೊ ಮಾಡಿದರೆ ಇನ್ನೂ ಒಳ್ಳೆಯದು. ನಿಜವಾದ ಎರರ್ ಸಿಕ್ಕಾಗ ಅದು ಈ ಸೆಟ್ಟಿನಿಂದಲೇ ಬಂತೆಂದು ಹೇಳಲು ನಿಮ್ಮ ಬಳಿ ಉಳಿಯುವುದು ಅಷ್ಟೇ. ಖಾಲಿ ಹಾಳೆ, ಲಕೋಟೆ, ಸರ್ಟಿಫಿಕೇಟ್ ಯಾವುದನ್ನೂ ಎಸೆಯಬೇಡಿ.

ಕಾಲು ಡಾಲರನ್ನು ಮಾವನ ಕೈಯಿಂದಲೇ ಕ್ಯಾಪ್ಸೂಲಿಗೆ ಹಾಕಿಸಿದೆ. ಅಂಚು ಹಿಡಿಯುವುದು ಅವರಿಗೆ ಆಗಲೇ ಬಂದುಬಿಟ್ಟಿತ್ತು. ಒಂದು ಚೀಟಿಯ ಮೇಲೆ ತಾರೀಖು, 5.66 ಗ್ರಾಂ, 'ಪದರ ಎರಡೂ ಇದೆ, ಬಣ್ಣ ಮಾತ್ರ ತಿರುಗಿದೆ' ಎಂದು ಬರೆದು, ಕತ್ತರಿಸಿದ ಹಾಳೆಯ ಜೊತೆ ಅದೇ ಲಕೋಟೆಗೆ ಸೇರಿಸಿದರು. ಆಮೇಲೆ ಬೀರುವಿನ ಕೆಳಗಿನ ಅರೆಯಿಂದ ಇನ್ನೊಂದು ಡಬ್ಬಿ ಹೊರತೆಗೆದು ಟಾರ್ಚ್ ಕೇಳಿದರು.